ಭಯಜ್ಞಾನವೋ, ನಿದ್ದೆಗೇಡೋ: ಧ್ಯಾನದ ಗುಂಪಿನಿಂದ ಬಂದ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವ್ಯಕ್ತಿಗೆ 35ರ ಆಸುಪಾಸು. ಸಲಹೆಗೆಂದು ನನ್ನ ಬಳಿ ಕರೆತಂದವರು ಪತ್ನಿ. ಐದು ವಾರಗಳಿಂದ ರಾತ್ರಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ಮನೆಯವರ ಮುಖ ನೋಡಿದರೂ ಇವರು ನಿಜವಾಗಿ ಇದ್ದಾರೋ ಇಲ್ಲವೋ ಎಂಬ ಅನುಮಾನ. ಈ ವ್ಯಕ್ತಿ ಎಂಟು ಜನರ ವಿಪಶ್ಯನ (ಒಂದು ಬೌದ್ಧ ಧ್ಯಾನ ಪದ್ಧತಿ) ಗುಂಪಿನ ಸದಸ್ಯರು. ಗುಂಪಿಗೆ ಆಚಾರ್ಯರೆಂದು ಯಾರೂ ಇಲ್ಲ. ವಾರಕ್ಕೊಮ್ಮೆ ಸೇರಿ 40 ನಿಮಿಷ ಕೂರುತ್ತಾರೆ, ಆಮೇಲೆ ಅರ್ಧ ಗಂಟೆ ಅನುಭವ ಹಂಚಿಕೊಳ್ಳುತ್ತಾರೆ. ನಡೆಸುವ ಸರದಿ ಒಬ್ಬೊಬ್ಬರಿಗೂ ಬರುತ್ತದೆ.

ಅವರು ಹಿಡಿದ ಪದ್ಧತಿ ಬರ್ಮಾದ ಮಹಾಸಿ ಸಯಾಡೊ (1904–1982) ಅವರಿಂದ ಹರಡಿದ್ದು. ಹೊಟ್ಟೆಯ ಏರಿಳಿತವನ್ನು ನೆಲೆಯಾಗಿಟ್ಟುಕೊಂಡು, ಬಂದದ್ದಕ್ಕೆಲ್ಲ ಮನಸ್ಸಿನಲ್ಲೇ ಮೆಲ್ಲಗೆ ಹೆಸರಿಡುತ್ತಾ ಹೋಗುವುದು: ‘ಏರಿತು’, ‘ಇಳಿಯಿತು’, ‘ನೋವು’, ‘ಯೋಚನೆ’. ಗಮನದ ಹೆಚ್ಚಿನ ಪಾಲು ಅನುಭವದ ಮೇಲಿರಬೇಕು, ಹೆಸರು ಬರೀ ಆಸರೆ. ಇವರಲ್ಲಿ ಅದು ತಲೆಕೆಳಗಾಗಿತ್ತು. ದಿನಕ್ಕೆ ಅರ್ಧ ಗಂಟೆಯಿದ್ದ ಅಭ್ಯಾಸ ಎರಡೇ ತಿಂಗಳಲ್ಲಿ ಮೂರು ಗಂಟೆಗೆ ಏರಿತ್ತು. ಸ್ನಾನ ಮಾಡುವಾಗ, ತುತ್ತು ಎತ್ತುವಾಗ, ಯಾರಾದರೂ ಮಾತಾಡಿಸಿದಾಗಲೂ ಬಿಡುವಿಲ್ಲದೆ ಹೆಸರಿಡುತ್ತಿದ್ದರು. “ಮಲಗಿದ್ರೂ ಒಳಗೆ ಏರಿತು, ಇಳಿಯಿತು ಅಂತ ಓಡ್ತಾನೇ ಇರುತ್ತೆ ಮೇಡಂ, ನಿಲ್ಸೋಕೇ ಆಗಲ್ಲ” ಎಂದರು.

ಗುಂಪಿನಲ್ಲಿ ಹೇಳಿಕೊಂಡಾಗ ಸಿಕ್ಕ ಉತ್ತರ: “ಇದು ಭಯಜ್ಞಾನ. ಈಗ ಬಿಟ್ಟರೆ ಇಲ್ಲೇ ಸಿಕ್ಕಿಬೀಳ್ತೀರಿ, ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳಿ.” ಭಯಜ್ಞಾನವೆಂದರೆ ವಿಪಶ್ಯನದ ಹಾದಿಯಲ್ಲಿ ಬರುತ್ತದೆನ್ನುವ ಒಂದು ಹಂತ, ಅಳಿದುಹೋಗುವ ಎಲ್ಲವೂ ಭಯಾನಕವೆಂದು ಕಾಣುವ ಅರಿವು. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಇವರೂ ನಂಬಿ ಮತ್ತೊಂದು ಗಂಟೆ ಸೇರಿಸಿದರು. ಸ್ಥಿತಿ ಕೆಟ್ಟದ್ದು ಅಲ್ಲಿಂದಾಚೆಗೆ.

ಧ್ಯಾನದ ಮಾತಿಗೆ ಹೋಗುವ ಮೊದಲು ಕೆಲವು ವಿಷಯ ಖಚಿತವಾಗಬೇಕಿತ್ತು. ಒಳಗೆ ಓಡುವ ಆ ಮಾತು ತಮ್ಮದೇ ಯೋಚನೆಯೋ, ಹೊರಗಿನಿಂದ ಕೇಳಿಸುವ ದನಿಯೋ? ತಮ್ಮದೇ ಎಂದರು. ನಿದ್ದೆಯಿಲ್ಲದೆ ದಣಿವಾಗುತ್ತಿದೆಯೋ, ಅಥವಾ ನಿದ್ದೆಯೇ ಬೇಡವೆನಿಸುವಷ್ಟು ಹುರುಪಿದೆಯೋ? ಮೈಕೈ ಸೋತುಹೋಗಿತ್ತು. ಈ ಎರಡನೆಯ ಪ್ರಶ್ನೆಯನ್ನು ಯಾರೂ ಬಿಡಬಾರದು. ಎರಡು ಗಂಟೆ ಮಲಗಿ ದಣಿವೇ ಇಲ್ಲದೆ, ಮಾತು ವೇಗವಾಗಿ, ತನಗೊಂದು ವಿಶೇಷ ಕರೆ ಬಂದಿದೆ ಎನ್ನುವವರನ್ನು ಅಂದೇ ಮನೋವೈದ್ಯರ ಬಳಿಗೆ ಕಳಿಸಬೇಕು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದ್ದಾಯಿತು, ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಪ್ಯಾನಿಕ್ (ಇದ್ದಕ್ಕಿದ್ದಂತೆ ಬರುವ ತೀವ್ರ ಭಯ) ಆಗಿ ಕೆಲವು ತಿಂಗಳು ಚಿಕಿತ್ಸೆ ಪಡೆದಿದ್ದರು. ಗುಂಪಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಥೈರಾಯ್ಡ್ ಏರುಪೇರಾದರೂ ಎದೆಬಡಿತ, ನಿದ್ದೆಗೇಡು ಬರುವುದುಂಟು, ಹಾಗಾಗಿ ರಕ್ತಪರೀಕ್ಷೆ ಮಾಡಿಸಿದರು, ಸರಿಯಿತ್ತು. ಅದೇ ವಾರ ಮನೋವೈದ್ಯರನ್ನೂ ಕಂಡರು, ಅವರು ಸ್ವಲ್ಪ ದಿನದ ಮಟ್ಟಿಗೆ ಔಷಧಿ ಬರೆದುಕೊಟ್ಟರು.

ಆದರೆ ಅವರನ್ನು ಕಾಡುತ್ತಿದ್ದದ್ದು ಬೇರೆ: ಅಭ್ಯಾಸ ಕಡಿಮೆ ಮಾಡಿದರೆ ಸೋತಂತೆ ಅಲ್ಲವೇ? ಇದಕ್ಕೆ ಅವರ ಪರಂಪರೆಯೊಳಗಿನಿಂದಲೇ ಉತ್ತರ ಕೊಡುವುದು ಸರಿಯೆನಿಸಿತು, ಹೊರಗಿನ ಸಮಾಧಾನ ಅಲ್ಲಿ ನಿಲ್ಲುವುದಿಲ್ಲ. ಗುಂಪು ಹೇಳಿದ ಜ್ಞಾನಗಳ ವಿವರ ಬರುವುದು 5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷರ ‘ವಿಸುದ್ಧಿಮಗ್ಗ’ ಎಂಬ ಪಾಲಿ ಗ್ರಂಥದಲ್ಲಿ. ಭಯಜ್ಞಾನ ತಾನೇ ಹೆದರುತ್ತದೆಯೇ ಎಂಬ ಪ್ರಶ್ನೆಯನ್ನು ಆ ಗ್ರಂಥವೇ ಎತ್ತಿ, ಹೆದರುವುದಿಲ್ಲ ಎನ್ನುತ್ತದೆ. ಊರಬಾಗಿಲಲ್ಲಿ ಮೂರು ಕೆಂಡದ ಗುಂಡಿಗಳನ್ನು ನೋಡುತ್ತಾ ನಿಂತವನು ಇದರಲ್ಲಿ ಬಿದ್ದವರಿಗೆ ನೋವು ತಪ್ಪಿದ್ದಲ್ಲ ಎಂದು ಅರಿಯುತ್ತಾನೆ, ತಾನು ಮಾತ್ರ ನಡುಗುವುದಿಲ್ಲ. ಊಟ ನಿದ್ದೆ ಬಿಟ್ಟು ನಡುಗುತ್ತಿರುವವರಿಗೆ ಆ ಹೆಸರು ಹಚ್ಚಿ ಇನ್ನಷ್ಟು ಕೂರಿಸಲು ಈ ಮಾತು ಆಧಾರವಾಗದು. ಇನ್ನೊಂದು, ವೈಶಾಲಿಯ ಪ್ರಸಂಗ. ದೇಹದ ಅಶುಭವನ್ನು, ಅಂದರೆ ಅದರ ಅಸಹ್ಯದ ಮುಖವನ್ನು, ಧ್ಯಾನಿಸುತ್ತಿದ್ದ ಭಿಕ್ಷುಗಳಲ್ಲಿ ಹಲವರು ಜುಗುಪ್ಸೆಯಿಂದ ಪ್ರಾಣವನ್ನೇ ಕಳೆದುಕೊಂಡಾಗ, ಬುದ್ಧ ಉಳಿದವರಿಗೆ ‘ಮುಂದುವರಿಸಿ’ ಎನ್ನಲಿಲ್ಲ. ಎಲ್ಲರನ್ನೂ ಸೇರಿಸಿ ಆನಾಪಾನಸತಿಯನ್ನು (ಉಸಿರನ್ನು ಗಮನಿಸುವ ಧ್ಯಾನ) ಕಲಿಸಿದ. ಇದನ್ನು ಕೇಳಿದ ಮೇಲೆ ಅವರ ಹೆಗಲು ಸ್ವಲ್ಪ ಇಳಿಯಿತು.

ಕೊಟ್ಟ ಸಲಹೆ ಹೀಗಿತ್ತು. ಎರಡು ವಾರ ಕಣ್ಣು ಮುಚ್ಚಿ ಕೂರುವುದು ಪೂರ್ತಿ ಬಂದ್. ಹೆಸರಿಡುವುದೂ ಬೇಡ, ತಾನಾಗಿ ಶುರುವಾದರೆ ತಡೆಯಲು ಹೋಗದೆ, ಗಮನವನ್ನು ಹೊರಗಿನದಕ್ಕೆ ಕೊಡುವುದು: ಕಿಟಕಿಯಾಚೆಯ ಸದ್ದು, ಕೈಗೆ ಸೋಕುವ ನೀರಿನ ತಂಪು, ಎದುರಿಗಿರುವ ವಸ್ತುವಿನ ಬಣ್ಣ. ತಡೆಯುವುದೂ ಒಳಗನ್ನೇ ಕಾಯುವ ಕೆಲಸ, ಅದರಿಂದ ಓಟ ಹೆಚ್ಚುತ್ತದೆ. ಉಸಿರು, ಹೊಟ್ಟೆ, ಎದೆ ಸದ್ಯಕ್ಕೆ ದೂರ. ಪ್ಯಾನಿಕ್ ಆಗಿದ್ದವರು ಎದೆಬಡಿತವನ್ನು ಹತ್ತಿರದಿಂದ ಗಮನಿಸಿದಷ್ಟೂ ಅದು ಜೋರಾಗಿ ತಿಳಿಯುತ್ತದೆ, ತಿಳಿದು ಹೆದರಿದರೆ ಇನ್ನೂ ಏರುತ್ತದೆ. ದಿನಕ್ಕೆರಡು ಬಾರಿ 10 ನಿಮಿಷ, ಕಣ್ಣು ತೆರೆದು, ಮಾಮೂಲಿ ವೇಗದಲ್ಲಿ ನಡಿಗೆ. ಅಂಗಾಲು ನೆಲ ಮುಟ್ಟುವುದಷ್ಟೇ ತಿಳಿದರೆ ಸಾಕು. ಹೆಜ್ಜೆಯನ್ನು ಎತ್ತುವುದು, ಚಾಚುವುದು, ಇಡುವುದು ಎಂದು ಬಿಡಿಸುವ ನಿಧಾನದ ನಡಿಗೆ ಈ ಸ್ಥಿತಿಗೆ ಹೊಂದುವುದಿಲ್ಲ. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಊಟ, ಮಧ್ಯಾಹ್ನದ ನಂತರ ಕಾಫಿ ಇಲ್ಲ, ಏಳುವ ಸಮಯ ದಿನವೂ ಒಂದೇ. ಔಷಧಿಯನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸುವಂತಿಲ್ಲ. ಧ್ಯಾನದಲ್ಲಿ ಹಿತವೆನಿಸಿದ ದಿನ ಕೆಲವರು ಮಾಡುವ ಮೊದಲ ಕೆಲಸವೇ ಅದು.

ಅವರ ಒಪ್ಪಿಗೆ ಪಡೆದು ಗುಂಪಿನ ಇಬ್ಬರ ಜೊತೆಗೂ ಮಾತಾಯಿತು. ಗುಂಪು ಮುಚ್ಚಬೇಕಿಲ್ಲ, ಒಬ್ಬರಿಗೊಬ್ಬರು ಜೊತೆ ಕೂರುವುದರ ಬಲ ದೊಡ್ಡದು. ಆದರೆ ಜೊತೆ ಕೂರಲು ಸಮಾನರು ಸಾಕಾದಂತೆ, ಇನ್ನೊಬ್ಬರ ಹಂತ ನಿರ್ಣಯಿಸಲು ಸಾಕಾಗುವುದಿಲ್ಲ. ನಿಜವಾಗಿ ಪಡೆದ ಸಿದ್ಧಿಯನ್ನೂ ದೀಕ್ಷೆಯಿಲ್ಲದವರಿಗೆ ಹೇಳಿಕೊಳ್ಳುವುದನ್ನು ವಿನಯ, ಅಂದರೆ ಬೌದ್ಧ ಸಂಘದ ಶಿಸ್ತಿನ ನಿಯಮ, ಭಿಕ್ಷುಗಳಿಗೆ ನಿಷೇಧಿಸಿದೆ. ಇಲ್ಲದ್ದನ್ನು ಬೇಕೆಂದೇ ಹೇಳಿಕೊಂಡರೆ ಅದು ಸಂಘದಿಂದಲೇ ಹೊರಬೀಳುವ ನಾಲ್ಕು ಪಾರಾಜಿಕ ಅಪರಾಧಗಳಲ್ಲಿ ಒಂದು. ಇಷ್ಟು ಬಿಗಿ ಇರುವ ಪರಂಪರೆಯ ಅಭ್ಯಾಸದಲ್ಲಿ, ವಾರಕ್ಕೊಮ್ಮೆ ಸೇರುವವರು ಪರಸ್ಪರ ಜ್ಞಾನದ ಹೆಸರು ಹಂಚುವುದು ತರವಲ್ಲ.

ಹಂಚಿಕೆಯಲ್ಲಿ ಪ್ರತಿಯೊಬ್ಬರೂ ತಮ್ಮ ಅನುಭವವನ್ನಷ್ಟೇ ಮಾತಾಡುವುದು, ಕೇಳದೆ ಸಲಹೆ ಕೊಡದಿರುವುದು ಎಂದು ಒಪ್ಪಿಕೊಂಡರು. ಹೊಸಬರು ಸೇರುವಾಗ ನಡೆಸುವವರು ಪ್ರತ್ಯೇಕವಾಗಿ, ಗುಟ್ಟಾಗಿ, ಹಿಂದಿನ ಮಾನಸಿಕ ಚಿಕಿತ್ಸೆಯ ಬಗ್ಗೆ ಕೇಳುತ್ತಾರೆ. ವಾರದ ಸುತ್ತಿನಲ್ಲಿ ಮೊದಲ ಪ್ರಶ್ನೆ ನಿದ್ದೆ, ಊಟ ಹೇಗಿದೆ ಎಂಬುದು. ಮೂರು ರಾತ್ರಿ ನಿದ್ದೆ ಕೆಟ್ಟವರು ಅಭ್ಯಾಸ ಅರ್ಧಕ್ಕಿಳಿಸಬೇಕು, ಒಂದು ವಾರ ದಾಟಿದರೆ ವೈದ್ಯರು. ಸಂದೇಹ ಬಂದಾಗ ಕೇಳಲು ಗುಂಪಿನ ಹೊರಗೆ ಒಬ್ಬ ಅನುಭವಿ ಆಚಾರ್ಯರನ್ನು ಹುಡುಕಿಕೊಳ್ಳಬೇಕು ಎಂಬುದಕ್ಕೆ ಒಬ್ಬರು ಒಪ್ಪಲಿಲ್ಲ, ಗುರುವಿನ ಹಂಗು ಬೇಡವೆಂದೇ ಗುಂಪು ಕಟ್ಟಿದ್ದು ಎಂದರು. ಆ ಚರ್ಚೆ ಅವರಲ್ಲಿ ಇನ್ನೂ ಮುಗಿದಿಲ್ಲ.

ಮೂರನೇ ವಾರದ ಹೊತ್ತಿಗೆ ನಿದ್ದೆ ಆರು ಗಂಟೆಗೆ ಬಂತು, ಊಟ ಸೇರತೊಡಗಿತು. ಯಾವುದೂ ನಿಜವಲ್ಲವೆಂಬ ಭಾವ ಹೋಗಲು ಎರಡು ತಿಂಗಳು ಹಿಡಿಯಿತು. ಅದು ಬಂದಾಗ ಹೋಯಿತೇ ಎಂದು ಪರೀಕ್ಷಿಸದೆ ಕೈಯಲ್ಲಿದ್ದ ಕೆಲಸ ಮುಂದುವರಿಸಿದ್ದು ನೆರವಾಯಿತು. ಈಗ ಗುಂಪಿಗೆ ಮರಳಿದ್ದಾರೆ. ಕಣ್ಣು ಅರೆತೆರೆದು 15 ನಿಮಿಷ ಕೂತು, ಉಳಿದ ಹೊತ್ತು ಹೊರಗೆ ನಡೆಯುತ್ತಾರೆ. ಸಮಯ ಹೆಚ್ಚಿಸುವ ಮಾತನ್ನು ಔಷಧಿ ಮುಗಿದು ಒಂದು ತಿಂಗಳಾಗುವವರೆಗೆ ಎತ್ತುವುದಿಲ್ಲ ಎಂದು ಪತ್ನಿಯ ಎದುರಿಗೇ ಒಪ್ಪಿದ್ದಾರೆ.