ಓದುಗರ ಪ್ರಶ್ನೆ, ನಮ್ಮ ಉತ್ತರ: ಗಡಿಯಾಚೆಯ ಹೊಗೆಗೆ ಹೊಣೆ ಯಾರು?

ಪ್ರಶ್ನೆ: ನಮ್ಮ ಬಡಾವಣೆಯ ಹಿಂದಿನ ರಸ್ತೆಯೇ ನಗರ ಪಾಲಿಕೆಗೂ ಪಕ್ಕದ ಪುರಸಭೆಗೂ ಗಡಿ. ರಸ್ತೆಯಾಚೆಯ ಖಾಲಿ ನಿವೇಶನದಲ್ಲಿ ಆಗಾಗ ಬೆಳಿಗ್ಗೆ ಕಸಕ್ಕೆ ಬೆಂಕಿ ಹಚ್ಚುತ್ತಾರೆ. ಪಾಲಿಕೆಯಲ್ಲಿ ಕೇಳಿದರೆ ಅದು ತಮ್ಮ ವ್ಯಾಪ್ತಿಯಲ್ಲ ಎನ್ನುತ್ತಾರೆ. ಪುರಸಭೆಯಲ್ಲಿ ಕೇಳಿದರೆ ಕಸ ಸುರಿದವರು ನಿಮ್ಮ ಕಡೆಯವರೇ ಎನ್ನುತ್ತಾರೆ. ಮನೆಯಲ್ಲಿ ಉಬ್ಬಸವಿರುವ ತಾಯಿ ಇದ್ದಾರೆ. ನಾವು ಯಾರ ಬಳಿ ಹೋಗಬೇಕು?
— ಬೆಂಗಳೂರಿನ ದಕ್ಷಿಣದ ಅಂಚಿನಿಂದ ಓದುಗರೊಬ್ಬರು

ಉತ್ತರ: ಕಸವನ್ನು ಬಯಲಿನಲ್ಲಿ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿವೆ. ಬೆಂಕಿ ಬಿದ್ದ ಜಾಗ ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿದೆಯೋ ಅದನ್ನು ತಡೆಯುವ, ಹಚ್ಚಿದವರಿಗೆ ದಂಡ ಹಾಕುವ ಹೊಣೆಯೂ ಆ ಸಂಸ್ಥೆಯದೇ. ಕಸ ಎಲ್ಲಿಂದ ಬಂತು ಎಂಬುದು ಬೇರೆಯೇ ವಿಚಾರಣೆ, ಅದನ್ನು ಮುಂದಿಟ್ಟು ಬೆಂಕಿಯ ಹೊಣೆಯಿಂದ ನುಣುಚಿಕೊಳ್ಳಲಾಗದು. ಆದ್ದರಿಂದ ಪುರಸಭೆಯ ಮುಖ್ಯಾಧಿಕಾರಿಗಳಿಗೂ ಪಾಲಿಕೆಯ ಆಯುಕ್ತರಿಗೂ ಒಂದೇ ಪತ್ರವನ್ನು ಬರೆಯಿರಿ, ಅದರ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳುಹಿಸಿ. ನಿವೇಶನದ ಸರ್ವೆ ನಂಬರು, ಬೆಂಕಿ ಕಂಡ ದಿನಾಂಕ ಮತ್ತು ಹೊತ್ತು, ಸ್ಥಳ ನಮೂದಾಗಿರುವ ಫೋಟೊ ಇವಿಷ್ಟು ಪತ್ರದ ಜೊತೆಗಿರಲಿ. ಎರಡೂ ಕಡೆಯ ಆರೋಗ್ಯ ನಿರೀಕ್ಷಕರು ಒಂದೇ ದಿನ ಸ್ಥಳಕ್ಕೆ ಬಂದು ಜಂಟಿ ತಪಾಸಣೆ ನಡೆಸಬೇಕೆಂದು ಸ್ಪಷ್ಟವಾಗಿ ಕೇಳಿ. ಇಬ್ಬರೂ ಒಟ್ಟಿಗೆ ನಿಂತು ನೋಡಿದ ಕಸವನ್ನು ಆಮೇಲೆ ಇನ್ನೊಬ್ಬರದೆಂದು ಹೇಳುವುದು ಕಷ್ಟ.

ಬೆಂಕಿ ಅಲ್ಲಿಯೇ ಬೀಳುವುದಕ್ಕೆ ಕಾರಣವಿದೆ. ಈ ಕಡೆಯ ಆಟೊ ಟಿಪ್ಪರ್ ಗಡಿಯ ರಸ್ತೆಯವರೆಗೆ ಬಂದು ತಿರುಗುತ್ತದೆ, ಆ ಕಡೆಯದು ಮನೆಗಳು ಮುಗಿಯುವಲ್ಲಿಂದಲೇ ಹಿಂದಿರುಗುತ್ತದೆ. ಎರಡರ ಕೈಗೂ ಸಿಗದ ಜಾಗದಲ್ಲಿ ಗುಡಿಸಿದ ಒಣ ಎಲೆ, ಅಂಗಡಿಯ ರಟ್ಟು, ಪ್ಲಾಸ್ಟಿಕ್ ಕವರು, ಹಳೆಯ ಹಾಸಿಗೆ ಸೇರುತ್ತವೆ; ಸಾಗಿಸುವವರಿಲ್ಲದಾಗ ಯಾರೋ ಒಬ್ಬರು ಬೆಂಕಿ ಕಡ್ಡಿ ಗೀರುತ್ತಾರೆ. ಆ ಒಂದು ರಸ್ತೆಯ ಕಸವನ್ನು ಯಾರು ಎತ್ತಬೇಕೆಂದು ಎರಡು ಸಂಸ್ಥೆಗಳು ಬರವಣಿಗೆಯಲ್ಲಿ ಒಪ್ಪಿಕೊಂಡರೆ ನಿಮ್ಮ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ. ನೀವು ಕೇಳಬೇಕಾದದ್ದು ದಂಡವನ್ನಷ್ಟೇ ಅಲ್ಲ, ಆ ಒಪ್ಪಂದವನ್ನು.

ಅಲ್ಲಿಯವರೆಗೆ ಹೊಗೆ ಕಂಡ ಕೂಡಲೇ ಕಿಟಕಿ ಮುಚ್ಚಿ, ತಾಯಿಯವರ ಇನ್‌ಹೇಲರ್ ಕೈಗೆಟಕುವಂತಿರಲಿ. ಬಟ್ಟೆಯ ಮಾಸ್ಕ್ ಈ ಹೊಗೆಯ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಎನ್‌-95 ಮಾಸ್ಕ್ ಬೇಕು.

ಪ್ರಶ್ನೆ: ಬೆಂಗಳೂರಿನ ಒಂದು ಪಾಲಿಕೆ ಈಗ ಐದಾಗಿದೆ. ಒಂದಿದ್ದಾಗಲೇ ಆಗದ ವಾಯುಮಾಲಿನ್ಯ ನಿಯಂತ್ರಣ ಐದರಿಂದ ಆಗುತ್ತದೆಯೇ?
— ನೆಲಮಂಗಲದ ಓದುಗರೊಬ್ಬರು

ಉತ್ತರ: 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ವ್ಯಾಪ್ತಿಯನ್ನು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಾಗಿ ವಿಂಗಡಿಸಲಾಯಿತು. ಅವುಗಳ ನಡುವೆ ಹೊಂದಾಣಿಕೆ ತರಲು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಆದ್ದರಿಂದ ಐದು ಪಾಲಿಕೆಗಳ ನಡುವಿನ ಗಡಿಗಿಂತ ಈ ಐದಕ್ಕೂ ನಿಮ್ಮಂಥ ಸುತ್ತಲಿನ ಊರುಗಳಿಗೂ ನಡುವಿನ ಗಡಿಯೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ನೆಲಮಂಗಲ, ಹೊಸಕೋಟೆ, ಹೆಬ್ಬಗೋಡಿ, ಬೊಮ್ಮಸಂದ್ರ, ಜಿಗಣಿ, ಆನೇಕಲ್ ಇವುಗಳಿಗೆಲ್ಲ ತಮ್ಮದೇ ಸ್ಥಳೀಯ ಸಂಸ್ಥೆಗಳಿವೆ. ಗಾಳಿಯ ಲೆಕ್ಕದಲ್ಲಿ ಇವು ಬೆಂಗಳೂರಿನಿಂದ ಬೇರೆಯಲ್ಲ.

ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವದ ಕಡೆಯಿಂದ. ಚಳಿಗಾಲದ ಮುಂಜಾನೆ ನೆಲಕ್ಕೆ ಹತ್ತಿರದ ಗಾಳಿ ತಂಪಾಗಿ ಮೇಲೇರದೆ ನಿಲ್ಲುವುದರಿಂದ ಹೊಗೆಯೂ ಕೆಳಗೇ ಉಳಿಯುತ್ತದೆ. ರಸ್ತೆಯ ದಪ್ಪ ಧೂಳು ಎದ್ದ ಜಾಗದ ಆಸುಪಾಸಿನಲ್ಲೇ ಕೆಲವು ಗಂಟೆಗಳಲ್ಲಿ ಕುಳಿತುಕೊಳ್ಳುತ್ತದೆ. ಡೀಸೆಲ್ ಎಂಜಿನ್, ಕಸದ ಬೆಂಕಿ, ಕಾರ್ಖಾನೆಯ ಚಿಮಣಿಯಿಂದ ಬರುವ, 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಾದರೋ ದಿನಗಟ್ಟಲೆ ತೇಲುತ್ತ ಜಿಲ್ಲೆಗಳನ್ನೇ ದಾಟುತ್ತವೆ. ಈ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಹಾಗಾಗಿ ಧೂಳನ್ನು ಆಯಾ ಊರೇ ಗುಡಿಸಿಕೊಳ್ಳಬಹುದು, ಹೊಗೆಯನ್ನು ಮಾತ್ರ ನೆರೆಹೊರೆಯವರೆಲ್ಲ ಕೂಡಿಯೇ ತಗ್ಗಿಸಬೇಕು.

ಇದಕ್ಕೆ ಅಡ್ಡಿಯಾಗಿರುವುದು ಹಣದ ಹಂಚಿಕೆ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ಕರ್ನಾಟಕದ ನಗರಗಳು ನಾಲ್ಕು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. ಪಟ್ಟಿಯಲ್ಲಿ ಹೆಸರಿರುವ ನಗರಕ್ಕೆ ಕ್ರಿಯಾಯೋಜನೆಯಿದೆ, ಅನುದಾನವಿದೆ, ಗುಡಿಸುವ ಯಂತ್ರಗಳಿವೆ. ಅದಕ್ಕೆ ಅಂಟಿಕೊಂಡೇ ಬೆಳೆದ ಪುರಸಭೆಗೆ ಹಾಗೆ ಮೀಸಲಾದ ಹಣವಿಲ್ಲ. ಒಂದೇ ಹೆದ್ದಾರಿಯ ಒಂದು ಭಾಗವನ್ನು ಯಂತ್ರ ಗುಡಿಸಿ ಮುಂದಿನ ಭಾಗದಲ್ಲಿ ಅಂಚಿನ ಮಣ್ಣು ಹಾಗೆಯೇ ಬಿದ್ದಿದ್ದರೆ, ಲಾರಿಯ ಚಕ್ರಗಳು ಆ ಮಣ್ಣನ್ನು ಗುಡಿಸಿದ ರಸ್ತೆಗೇ ಮರಳಿ ತರುತ್ತವೆ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ನೆರೆಯವರ ಸಹಕಾರ ಬೇಕೆನ್ನುವ ಬೆಂಗಳೂರು ನೆರೆಯವರ ಜೊತೆ ನಡೆದುಕೊಂಡ ರೀತಿ ಒಳ್ಳೆಯದಲ್ಲ. ನಗರದ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಸುರಿಯಲಾಯಿತು. ಊರಿನವರು ಬೀದಿಗಿಳಿದು ಹೋರಾಡಿದ ಮೇಲೆ 2012ರಲ್ಲಿ ಮಾವಳ್ಳಿಪುರದಲ್ಲಿ, 2014ರ ಕೊನೆಯಲ್ಲಿ ಮಂಡೂರಿನಲ್ಲಿ ಅದು ನಿಂತಿತು. ಕಸದ ಗುಡ್ಡಕ್ಕೆ ಬೆಂಕಿ ಹತ್ತಿದಾಗ ಆ ಹೊಗೆಯನ್ನು ಮೊದಲು ಕುಡಿದವರು ಅಲ್ಲಿನ ಹಳ್ಳಿಯವರು. ಆ ನೆನಪು ಇನ್ನೂ ಹಸಿಯಾಗಿರುವಾಗ, ಸುತ್ತಲಿನ ಪಂಚಾಯಿತಿ ಮತ್ತು ಪುರಸಭೆಗಳು ದೊಡ್ಡ ಪಾಲಿಕೆಯ ಕರೆಯನ್ನು ಸುಮ್ಮನೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮೊದಲು ನಗರ ತನ್ನ ಕಸವನ್ನು ತನ್ನಲ್ಲೇ ವಿಂಗಡಿಸಿ ಸಂಸ್ಕರಿಸಬೇಕು, ಹೊರಗೆ ಕಳುಹಿಸುವುದಕ್ಕೆ ಆ ಊರಿನ ಒಪ್ಪಿಗೆ ಪಡೆದು ನ್ಯಾಯವಾದ ಪರಿಹಾರ ಕೊಡಬೇಕು.

ಕಾನೂನಿನಲ್ಲಿ ದಾರಿ ಇಲ್ಲದೇ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ತಂದ 243-ಝಡ್‌ಇ ವಿಧಿಯು ಮಹಾನಗರ ಪ್ರದೇಶಕ್ಕೊಂದು ಯೋಜನಾ ಸಮಿತಿ ಇರಬೇಕೆಂದು ಹೇಳುತ್ತದೆ. ಅದರ ಸದಸ್ಯರಲ್ಲಿ ಮೂರನೇ ಎರಡರಷ್ಟಾದರೂ ಮಂದಿಯನ್ನು ಆ ಪ್ರದೇಶದ ಪೌರಸಂಸ್ಥೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿಗಳ ಅಧ್ಯಕ್ಷರು ತಮ್ಮೊಳಗಿನಿಂದಲೇ ಆರಿಸಬೇಕು. ನೆಲಮಂಗಲದ ಸದಸ್ಯರೂ ಬೆಂಗಳೂರಿನ ಸದಸ್ಯರೂ ಒಂದೇ ಮೇಜಿನ ಸುತ್ತ ಸಮಾನರಾಗಿ ಕೂರಲು ಇದಕ್ಕಿಂತ ಸೂಕ್ತವಾದ ಜಾಗ ನನಗೆ ಕಾಣದು.

ಪ್ರಶ್ನೆ: ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬರುವುದರಿಂದ ನಮ್ಮ ಶುದ್ಧ ಗಾಳಿ ಯೋಜನೆಗೆ ತೊಂದರೆಯಾಗುವುದೇ?
— ಧಾರವಾಡದ ಓದುಗರೊಬ್ಬರು

ಉತ್ತರ: ಪ್ರತ್ಯೇಕ ಪಾಲಿಕೆಗೆ ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಕೇಂದ್ರದ ಪಟ್ಟಿಯಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಒಂದೇ ಹೆಸರಿನಡಿ ಇವೆ. ಆಡಳಿತ ಬೇರೆಯಾದರೂ ಗಾಳಿಯ ಕ್ರಿಯಾಯೋಜನೆ, ಮಾಪನ ಕೇಂದ್ರಗಳು ಮತ್ತು ಅನುದಾನದ ಲೆಕ್ಕ ಜಂಟಿಯಾಗಿಯೇ ಉಳಿಯಬೇಕೆಂದು ವಿಂಗಡಣೆಯ ಆದೇಶದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಆಮೇಲೆ ಸೇರಿಸುವುದು ಕಷ್ಟ.

ಪ್ರಶ್ನೆ: ನೆರೆಹೊರೆಯ ಪಾಲಿಕೆಗಳು ಕೂಡಿ ಗಾಳಿಯನ್ನು ಶುದ್ಧಗೊಳಿಸಿದ ಉದಾಹರಣೆ ಬೇರೆ ದೇಶದಲ್ಲಿ ಇದೆಯೇ?
— ಮೈಸೂರಿನ ಓದುಗರೊಬ್ಬರು

ಉತ್ತರ: ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್ ಉದಾಹರಣೆಯನ್ನು ಕೊಡುತ್ತೇನೆ, ಅದರಲ್ಲಿ ಎಡವಿದ್ದೂ ಇದೆ, ಸರಿಪಡಿಸಿಕೊಂಡದ್ದೂ ಇದೆ. ಅಲ್ಲಿ ಮ್ಯಾಂಚೆಸ್ಟರ್, ಸಾಲ್ಫರ್ಡ್, ಬೋಲ್ಟನ್, ಬರಿ, ಓಲ್ಡಮ್, ರಾಚ್‌ಡೇಲ್, ಸ್ಟಾಕ್‌ಪೋರ್ಟ್, ಟೇಮ್‌ಸೈಡ್, ಟ್ರ್ಯಾಫರ್ಡ್, ವಿಗನ್ ಎಂಬ ಹತ್ತು ಸ್ಥಳೀಯ ಮಂಡಳಿಗಳಿವೆ. 2011ರಿಂದ ಅವುಗಳಿಗೊಂದು ಸಂಯುಕ್ತ ಪ್ರಾಧಿಕಾರವಿದೆ, 2017ರಿಂದ ಜನರೇ ಆರಿಸಿದ ಮೇಯರ್ ಇದ್ದಾರೆ. ವಾಹನಗಳು ಉಗುಳುವ ನೈಟ್ರೋಜನ್ ಡೈಆಕ್ಸೈಡ್ ಕಾನೂನಿನ ಮಿತಿಯಾದ 40 ಮೈಕ್ರೊಗ್ರಾಂ ಮೀರಿದ್ದರಿಂದ ಅದನ್ನು ತಗ್ಗಿಸಬೇಕೆಂದು ಬ್ರಿಟಿಷ್ ಸರ್ಕಾರ ಈ ಮಂಡಳಿಗಳಿಗೆ ನಿರ್ದೇಶನ ಕೊಟ್ಟಿತು.

ಹತ್ತೂ ಮಂಡಳಿಗಳು ಬೇರೆ ಬೇರೆ ಯೋಜನೆ ಮಾಡದೆ ಒಂದೇ ಯೋಜನೆ ಮಾಡಿದವು. ಹಳೆಯ, ಹೆಚ್ಚು ಹೊಗೆ ಬಿಡುವ ಬಸ್ಸು ಮತ್ತು ಲಾರಿಗೆ ದಿನಕ್ಕೆ 60 ಪೌಂಡ್, ವ್ಯಾನಿಗೆ 10, ಟ್ಯಾಕ್ಸಿಗೆ ಏಳೂವರೆ ಪೌಂಡ್ ಶುಲ್ಕ. ಸ್ವಂತ ಕಾರುಗಳಿಗೆ ವಿನಾಯಿತಿ. ನಗರದ ನಡುಭಾಗಕ್ಕಷ್ಟೇ ಶುಲ್ಕ ಹಾಕಿದ್ದರೆ ಹಳೆಯ ವಾಹನಗಳು ಓಲ್ಡಮ್ ಅಥವಾ ರಾಚ್‌ಡೇಲಿನ ರಸ್ತೆಗಳಿಗೆ ತಿರುಗಿ ಹೊಗೆ ಜಾಗ ಬದಲಿಸುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಅದಕ್ಕಾಗಿಯೇ ಹತ್ತೂ ಮಂಡಳಿಗಳ ನೆಲವನ್ನು ಒಂದೇ ವಲಯವಾಗಿ ಗುರುತಿಸಲಾಯಿತು. ಆದರೆ ರಾಷ್ಟ್ರೀಯ ಹೆದ್ದಾರಿಗಳು ಮಂಡಳಿಗಳ ಕೈಯಲ್ಲಿಲ್ಲದ ಕಾರಣ ವಲಯದ ಹೊರಗೇ ಉಳಿದವು. ನಮ್ಮಲ್ಲೂ ಹೆದ್ದಾರಿ ಪ್ರಾಧಿಕಾರವನ್ನು ಬಿಟ್ಟು ಮಾಡುವ ಯಾವ ಒಪ್ಪಂದಕ್ಕೂ ಇದೇ ಗತಿಯಾಗುತ್ತದೆ.

ಫಲಕಗಳು ನಿಂತವು, ಕ್ಯಾಮೆರಾಗಳು ಬಂದವು, ಶುಲ್ಕ ಆರಂಭಕ್ಕೆ 2022ರ ಮೇ 30 ಎಂಬ ದಿನಾಂಕವೂ ಗೊತ್ತಾಯಿತು. ಅಷ್ಟರಲ್ಲಿ ಕೋವಿಡ್ ನಂತರ ಸೆಕೆಂಡ್‌ಹ್ಯಾಂಡ್ ವ್ಯಾನುಗಳ ಬೆಲೆ ಏರಿ, ಸ್ವಂತ ವ್ಯಾನಿನಲ್ಲಿ ದುಡಿಯುವವರೂ ಟ್ಯಾಕ್ಸಿ ಚಾಲಕರೂ ಸಿಡಿದೆದ್ದರು. ಹೊಸ ವಾಹನ ಕೊಳ್ಳಲು ಆಗದವರಿಗೆ ದಿನದ ಶುಲ್ಕ ದುಡಿಮೆಗೇ ಹೊಡೆತವಾಗುತ್ತಿತ್ತು. ಅವರ ಕೋಪ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಶುಲ್ಕ ಆರಂಭವಾಗುವ ಮೊದಲೇ, 2022ರ ಫೆಬ್ರವರಿಯಲ್ಲಿ, ಯೋಜನೆಯನ್ನು ತಡೆಹಿಡಿಯಲಾಯಿತು.

ಆಮೇಲೆ ನಡೆದದ್ದು ನಮಗೆ ಹೆಚ್ಚು ಉಪಯುಕ್ತ. ಶುಲ್ಕದ ದಾರಿ ಮುಚ್ಚಿದರೂ ಹತ್ತು ಮಂಡಳಿಗಳು ಚದುರಲಿಲ್ಲ. ಬಸ್ಸುಗಳ ಮಾರ್ಗ, ದರ ಮತ್ತು ಗುಣಮಟ್ಟವನ್ನು ಖಾಸಗಿ ಕಂಪನಿಗಳಿಂದ ಸಾರ್ವಜನಿಕ ನಿಯಂತ್ರಣಕ್ಕೆ ತರುವ ಕೆಲಸ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ 2025ರ ಜನವರಿ 5ರಂದು ಪೂರ್ಣಗೊಂಡಿತು. ಅದೇ ತಿಂಗಳು ಬ್ರಿಟಿಷ್ ಸರ್ಕಾರ ಶುಲ್ಕವಿಲ್ಲದ ಹೊಸ ಯೋಜನೆಗೆ ಸಮ್ಮತಿಸಿ 8.6 ಕೋಟಿ ಪೌಂಡ್ ಒದಗಿಸಿತು. ಅದರ ದೊಡ್ಡ ಪಾಲು ಶುದ್ಧ ಬಸ್ಸುಗಳಿಗೆ, ಉಳಿದದ್ದರಲ್ಲಿ ಹೆಚ್ಚಿನದು ಟ್ಯಾಕ್ಸಿಯವರ ನೆರವಿಗೆ. ಒಪ್ಪಂದ ಉಳಿದದ್ದು ಅದರ ಹಿಂದೆ ಒಂದು ಕಚೇರಿ, ಒಂದು ಖಾತೆ ಮತ್ತು ಉತ್ತರ ಹೇಳಬೇಕಾದ ಒಬ್ಬರು ಚುನಾಯಿತರು ಇದ್ದುದರಿಂದ. ಆಗಾಗ ಸಭೆ ಸೇರಿ ನಡವಳಿ ಬರೆದು ಎದ್ದುಹೋಗುವ ಸಮನ್ವಯ ಸಮಿತಿಯಾಗಿದ್ದರೆ 2022ರಲ್ಲೇ ಎಲ್ಲ ಮುಗಿಯುತ್ತಿತ್ತು.

ಪ್ರಶ್ನೆ: ನಮ್ಮದು ಸಣ್ಣ ಪುರಸಭೆ, ವರಮಾನ ಕಡಿಮೆ. ನಾವು ಎಲ್ಲಿಂದ ಆರಂಭಿಸಬಹುದು?
— ಆನೇಕಲ್ ತಾಲ್ಲೂಕಿನ ಪುರಸಭಾ ಸದಸ್ಯರೊಬ್ಬರು

ಉತ್ತರ: ಒಂಟಿಯಾಗಿ ಕೊಳ್ಳಲಾಗದ್ದನ್ನು ಪಕ್ಕದ ಎರಡು ಮೂರು ಸಂಸ್ಥೆಗಳ ಜೊತೆ ಹಂಚಿಕೊಳ್ಳಿ. ರಸ್ತೆ ಗುಡಿಸುವ ಒಂದು ಯಂತ್ರ ಮೂರು ಊರುಗಳ ಮುಖ್ಯರಸ್ತೆಗಳಿಗೆ ಸರದಿಯಂತೆ ಬರಬಹುದು. ಕಟ್ಟಡ ಒಡೆದ ಅವಶೇಷ ಸುರಿಯಲು ಮೂವರಿಗೂ ಒಂದೇ ಜಾಗ ಗೊತ್ತುಮಾಡಿ, ದಂಡದ ಮೊತ್ತವನ್ನೂ ಒಂದೇ ಆಗಿಸಿ. ಒಂದು ಊರಿನಲ್ಲಿ ದಂಡ ಕಡಿಮೆಯಿದ್ದರೆ ರಾತ್ರಿ ಟ್ರ್ಯಾಕ್ಟರುಗಳು ಅಲ್ಲಿಗೇ ಹೋಗುತ್ತವೆ. ಗ್ರಾನೈಟ್ ಕತ್ತರಿಸುವ ಘಟಕಗಳಿದ್ದಲ್ಲಿ ಅವುಗಳ ಪುಡಿ ಒಣಗಿ ಹಾರದಂತೆ ನೋಡಿಕೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಗಳನ್ನು ಮೂರೂ ಸಂಸ್ಥೆಗಳು ಒಟ್ಟಾಗಿಯೇ ಕರೆಸಿ.

ಇದೆಲ್ಲಕ್ಕೂ ಬಜೆಟ್ಟಿನಲ್ಲಿ ಪ್ರತ್ಯೇಕ ಶೀರ್ಷಿಕೆ ಬೇಕು. ಬಜೆಟ್ ಪೂರ್ವಭಾವಿ ಸಭೆಯಲ್ಲಿ ‘ನೆರೆಯ ಸಂಸ್ಥೆಗಳೊಂದಿಗೆ ಜಂಟಿ ವಾಯುಮಾಲಿನ್ಯ ನಿಯಂತ್ರಣ’ ಎಂಬ ಒಂದು ಸಾಲನ್ನು ಸೇರಿಸಲು ಸೂಚಿಸಿ, ಎಷ್ಟು ಸಣ್ಣ ಮೊತ್ತವಾದರೂ ಸರಿ. ಪಕ್ಕದ ಪುರಸಭೆಯ ಸದಸ್ಯರೊಬ್ಬರೂ ತಮ್ಮ ಸಭೆಯಲ್ಲಿ ಅದೇ ಸಾಲನ್ನು ಮಂಡಿಸುವಂತೆ ಮೊದಲೇ ಮಾತನಾಡಿಕೊಳ್ಳಿ. ಎರಡೂ ಕಡೆ ಅಂಗೀಕಾರವಾದ ಮೇಲೆ ಯೋಜನೆಯನ್ನು ಜಿಲ್ಲಾಧಿಕಾರಿಗಳ ಮುಂದಿಟ್ಟು ಯಂತ್ರದ ಖರೀದಿಗೆ ಸರ್ಕಾರದ ನೆರವು ಕೇಳಬಹುದು.