ನಡುವಾನದಲ್ಲಿ ಆರಿಹೋದ ಬೆಳಕು: ಬೇರೆ ಆಯಾಮಕ್ಕೆ ಹೋಯಿತೇ?

ಆಕಾಶದಲ್ಲಿ ಸಾಗುತ್ತಿದ್ದ ಬೆಳಕೊಂದು ನಡುವೆಯೇ ಆರಿಹೋಯಿತು, ಅದು ಬೇರೆ ಆಯಾಮಕ್ಕೆ ಹೋಯಿತೇ ಎಂದು ಕೇಳಿದ್ದೀರಿ. ನೀವು ನೋಡಿದ್ದು ಬಹುಶಃ ಭೂಮಿಯ ನೆರಳಿನೊಳಗೆ ಹೋದ ಉಪಗ್ರಹ. ಸಂಜೆ ಸೂರ್ಯ ಮುಳುಗಿ ಒಂದು ಗಂಟೆಯ ಮೇಲೆ, ಮಿನುಗದೆ, ಸದ್ದಿಲ್ಲದೆ ಪೂರ್ವಕ್ಕೆ ಸಾಗಿ, ಮೋಡವಿಲ್ಲದ ಕಡೆ ಕೆಲವೇ ಸೆಕೆಂಡಿನಲ್ಲಿ ಮಾಯವಾಯಿತು ಅಂದಿದ್ದೀರಲ್ಲ, ಅದೇ ಇದರ ಗುರುತು. ನಮಗೆ ಕತ್ತಲಾದರೂ 400 ಕಿ.ಮೀ. ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲು ತಪ್ಪಿದ ಕ್ಷಣ ಬೆಳಕು ಆರುತ್ತದೆ.

ಮೊದಲು ನಿಮಿಷದ ಲೆಕ್ಕದಲ್ಲಿ ಸಮಯ, ಮಾಯವಾದ ದಿಕ್ಕು, ದಿಗಂತದಿಂದ ಎಷ್ಟು ಎತ್ತರ ಎಂಬುದನ್ನು ಬರೆದುಕೊಳ್ಳಿ. ಕೈ ಪೂರ್ತಿ ಚಾಚಿ ಹಿಡಿದ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಆಮೇಲೆ ಹೆವೆನ್ಸ್ ಅಬವ್ ಎಂಬ ಜಾಲತಾಣದಲ್ಲಿ ನೀವಿದ್ದ ಜಾಗ ಮತ್ತು ತಾರೀಕು ಕೊಟ್ಟು ಆ ದಿನದ ಉಪಗ್ರಹಗಳ ಪಟ್ಟಿ ತೆಗೆಯಿರಿ. ಹಲವರು ಬಾಹ್ಯಾಕಾಶ ನಿಲ್ದಾಣವೊಂದನ್ನೇ ನೋಡಿ ಬಿಡುತ್ತಾರೆ. ಹಳೆಯ ರಾಕೆಟ್ ಭಾಗಗಳೂ ಚೆನ್ನಾಗಿ ಹೊಳೆಯುತ್ತವೆ. ಜಾಗವೋ ಸಮಯವಲಯವೋ ತಪ್ಪಿದ್ದರೆ ಯಾವುದೂ ಹೊಂದುವುದಿಲ್ಲ. ಪಟ್ಟಿಯಲ್ಲಿ ಹಾದಿ ಮುಗಿಯುವ ಎತ್ತರ 10 ಡಿಗ್ರಿಗಿಂತ ಸಾಕಷ್ಟು ಮೇಲಿದ್ದರೆ, ಅಲ್ಲೇ ನೆರಳು ಹೊಕ್ಕಿದೆ ಎಂದರ್ಥ.

ಹಾದಿ ಬಾಗಿತ್ತೇ, ನಡುವೆ ನಿಂತಿತ್ತೇ ಎಂದು ನೀವು ಬರೆದಿಲ್ಲ. ಹಾಗಾಗಿದ್ದರೆ ನನ್ನ ಊಹೆ ತಪ್ಪು. ವಿಮಾನ, ಡ್ರೋನ್ ಕಡೆ ಹುಡುಕಿ.

ಥಟ್ಟನೆ ಕಾಣಿಸಿ ಮಾಯವಾಗುವುದನ್ನೂ ಮುಂದಿಟ್ಟು, ಹಾರುವ ತಟ್ಟೆಗಳ (ಯುಎಫ್‌ಒ) ಸಂಶೋಧಕ ಜಾಕ್ ವ್ಯಾಲೆ ಅವು ಬೇರೆ ಗ್ರಹದವಲ್ಲ, ಬೇರೆ ಆಯಾಮದವಿರಬಹುದು ಎಂದು ವಾದಿಸಿದ್ದುಂಟು. ಆದರೆ 1926ರಲ್ಲಿ ಭೌತವಿಜ್ಞಾನಿ ಆಸ್ಕರ್ ಕ್ಲೈನ್ ಹೇಳಿದ ಹೆಚ್ಚುವರಿ ಆಯಾಮ ಪರಮಾಣುವಿಗಿಂತ ಎಷ್ಟೋ ಚಿಕ್ಕದಾಗಿ ಸುರುಳಿ ಸುತ್ತಿಕೊಂಡದ್ದು, ಬಾಗಿಲಿರುವ ಪಕ್ಕದ ಲೋಕವಲ್ಲ. ಆ ಎರಡನ್ನು ದಯವಿಟ್ಟು ಬೆರೆಸಬೇಡಿ.

ನೀವು ಕಂಡ ಸಮಯಕ್ಕೆ ಎರಡು ನಿಮಿಷದ ಅಂತರದೊಳಗೆ ಹೊಂದುವುದು ಪಟ್ಟಿಯಲ್ಲಿ ಸಿಗದಿದ್ದರೆ ಸಮಯ, ದಿಕ್ಕು, ಎತ್ತರ ಮೂರನ್ನೂ ಇಲ್ಲಿ ಹಾಕಿ.