ಶೂ ಬಿಡಿ, ಬಂಡೆ ನೋಡಿ

ಮೃಗಶಿರಾ ಮಳೆಯ ನಾಲ್ಕು ಹನಿ ಬಿದ್ದರೆ ಸಾಕು, ಗುಡ್ಡ ಹತ್ತುವವರ ಪ್ರಶ್ನೆಗಳು ಶುರು. ಹೋದ ವರ್ಷ ಕೇಳಿದ್ದನ್ನೇ ಈ ವರ್ಷವೂ ಕೇಳುತ್ತಾರೆ. ನೀರು ಎಷ್ಟು ಒಯ್ಯಬೇಕು, ಟೋಪಿ ಬೇಕೇ ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ. ಹೊಲಕ್ಕೆ ಹೋಗುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಪ್ರಶ್ನೆ: ಸರ್, ನಾವು ಕಲಬುರಗಿಯ ನಾಲ್ವರು ಗೆಳೆಯರು. ಮೊದಲ ಮಳೆ ಆಗಿದೆ, ಈ ಭಾನುವಾರ ಶಹಾಪುರ ಕಡೆಯ ಗುಡ್ಡ ಹತ್ತುವ ವಿಚಾರವಿದೆ. ಒದ್ದೆ ಬಂಡೆಯ ಮೇಲೆ ಜಾರದ ಶೂ ಯಾವುದು? ಅಂಗಡಿಯವರು ದುಬಾರಿ ಟ್ರೆಕ್ಕಿಂಗ್ ಶೂ ತೋರಿಸುತ್ತಿದ್ದಾರೆ.

ಉತ್ತರ: ಅಂಥ ಶೂ ಇಲ್ಲ. ಇದೆ ಎನ್ನುವವರು ಮಾರುವವರು.

ಶಹಾಪುರ, ಸುರಪುರ, ಯಾದಗಿರಿ ಕಡೆಯ ಗುಡ್ಡಗಳು ಗ್ರಾನೈಟಿನವು. ಮೈ ಒರಟು, ಒಣಗಿದ್ದಾಗ ಹವಾಯಿ ಚಪ್ಪಲಿಯಲ್ಲೂ ಕಾಲು ಹಿಡಿಯುತ್ತದೆ. ಬೇಸಿಗೆಯ ಆ ಹಿಡಿತ ನಂಬಿ ಬಂದವರೇ ಜೂನಿನಲ್ಲಿ ಬೀಳುವುದು. ಬಂಡೆಯ ನೆತ್ತಿಯಿಂದ ಕೆಳಕ್ಕೆ ಇಳಿದ ಕರಿ ಪಟ್ಟೆಗಳನ್ನು ನೋಡಿರುತ್ತೀರಿ. ಅದು ಕಲ್ಲಿನ ಬಣ್ಣವಲ್ಲ, ಮಳೆನೀರು ಹರಿಯುವ ದಾರಿಯಲ್ಲಿ ಬೆಳೆದ ಹಾವಸೆ. ಬೇಸಿಗೆಯಲ್ಲಿ ಒಣಗಿ ಹಪ್ಪಳದ ಹಾಗೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಕೆರೆದರೆ ಕರಿ ಪುಡಿ ಉದುರುತ್ತದೆ. ನೀರು ತಾಗಿದರೆ ಕೆಲವೇ ನಿಮಿಷಗಳಲ್ಲಿ ಉಬ್ಬಿ ಲೋಳೆಯಾಗುತ್ತದೆ. ಅದರ ಮೇಲೆ ಬೇಸಿಗೆಯ ಧೂಳು ಬೇರೆ. ಜೋರು ಮಳೆ ಧೂಳನ್ನಾದರೂ ತೊಳೆದು ಒಯ್ಯುತ್ತದೆ, ತುಂತುರು ಅದನ್ನು ಕಲಸಿ ಅಲ್ಲೇ ಬಿಡುತ್ತದೆ. ಹೀಗಾಗಿ ಜುಲೈ ತಿಂಗಳ ದೊಡ್ಡ ಮಳೆಗಿಂತ ಜೂನಿನ ಮೊದಲ ಹನಿಗಳು ಕೆಟ್ಟವು.

ಆದ್ದರಿಂದ ಮೊದಲು ದಾರಿ ಆರಿಸಿ. ತಿಳಿ ಬಣ್ಣದ, ಕೈಯಾಡಿಸಿದರೆ ಉಪ್ಪುಕಾಗದದಂತೆ ತರಿತರಿ ಎನ್ನುವ ಬಂಡೆಯ ಮೇಲೆ ಹೆಜ್ಜೆ ಇಡಿ. ಕರಿ ಪಟ್ಟೆ ಅಡ್ಡ ಬಂದರೆ ಸುತ್ತಿ ಹೋಗಿ, ದಾಟಲೇಬೇಕೆಂದರೆ ಒಂದೇ ಹೆಜ್ಜೆಯಲ್ಲಿ ದಾಟುವಷ್ಟು ಕಿರಿದಾದ ಕಡೆ ದಾಟಿ. ಮಳೆ ನಿಂತ ಮೇಲೆ ಬಿಸಿಲಿಗೆ ಮುಖ ಮಾಡಿದ ಬಂಡೆ ಎರಡು ಮೂರು ತಾಸಿನಲ್ಲಿ ಒಣಗಬಹುದು, ಬಿಸಿಲು ಬೀಳದ ಮಗ್ಗುಲು ಮತ್ತು ಮರದ ನೆರಳಿನದು ಇಡೀ ದಿನ ಒದ್ದೆ ಇರಬಹುದು. ಹತ್ತಿದ ಮಗ್ಗುಲು ಬಿಟ್ಟು ಬೇರೆ ಮಗ್ಗುಲಲ್ಲಿ ಇಳಿಯುವವರು ಇದನ್ನು ಮರೆಯುತ್ತಾರೆ. ದೊಡ್ಡ ಹಾಸುಬಂಡೆಯ ಅಂಚನ್ನು ತುಳಿಯುವ ಮೊದಲು ಹಿಮ್ಮಡಿಯಿಂದ ಗುದ್ದಿ ನೋಡಿ. ಡೊಳ್ಳಿನ ಹಾಗೆ ಟೊಳ್ಳು ಸದ್ದು ಬಂದರೆ ಅದು ಮೂಲಬಂಡೆಯಿಂದ ಎದ್ದ ಚಕ್ಕೆ. ತಿಳಿ ಬಣ್ಣ ಇದ್ದರೂ ಬೇಡ.

ಇನ್ನು ನಿಮ್ಮ ಶೂ. ನುಣುಪು ಒದ್ದೆ ಕಲ್ಲಿನ ಮೇಲೆ ಕೆಲಸ ಮಾಡುವುದು ರಬ್ಬರಿನ ಮೆದುತನ ಮತ್ತು ಕಲ್ಲಿಗೆ ತಾಗುವ ಅಗಲ. ಆಳವಾದ ಹಲ್ಲುಗಳು ಕೆಸರಿಗೆ ಸೈ, ಕಲ್ಲಿಗಲ್ಲ. ಸೋಲನ್ನು, ಅಂದರೆ ಶೂವಿನ ಅಡಿಯನ್ನು, ಉಗುರಿನಿಂದ ಒತ್ತಿ. ಗುರುತು ಮೂಡಿ ನಿಧಾನಕ್ಕೆ ಮಾಯವಾದರೆ ಮೆದು ರಬ್ಬರು, ಮೂಡದಿದ್ದರೆ ಗಟ್ಟಿ ಪ್ಲಾಸ್ಟಿಕ್ಕು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿದಾಗ ಕೊಳ್ಳಿ, ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ನಾಲ್ಕೈದು ವರ್ಷ ಕಪಾಟಿನಲ್ಲಿಟ್ಟ ಹಳೇ ಶೂ ಹಾಕಿಕೊಂಡು ಬರಬೇಡಿ. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲು ಹವೆಯ ತೇವಕ್ಕೆ ಒಳಗಿಂದೊಳಗೇ ಪುಡಿಯಾಗಿರುತ್ತದೆ. ಮನೆಯಲ್ಲಿ ಗಟ್ಟಿ ಕಾಣುವುದು ಅರ್ಧ ಗುಡ್ಡದಲ್ಲಿ ಕಳಚಿ ಬಾಯಿ ಬಿಡುತ್ತದೆ. ಬರಿಗಾಲಲ್ಲಿ ಹೋದರೆ ಜಾರುವುದಿಲ್ಲ ಎನ್ನುವುದು ಹಾಳು ಹರಟೆ. ಲೋಳೆಗೆ ಶೂವೂ ಒಂದೇ, ಅಂಗಾಲೂ ಒಂದೇ.

ನಮ್ಮ ಕಡೆಯ ಇನ್ನೊಂದು ತೊಡಕು ಎರೆಮಣ್ಣು. ಗುಡ್ಡದ ಬುಡಕ್ಕೆ ಹೋಗಲು ಎರೆಹೊಲದ ಬದು ದಾಟಿದಿರೋ, ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಅಂಟುತ್ತದೆ. ಬಂಡೆಗೆ ಕಾಲಿಡುವ ಮುನ್ನ ಕಡ್ಡಿಯಿಂದ ಹಲ್ಲಿನ ಸಂದಿಯೆಲ್ಲ ಕೆರೆದು, ನೀರು ಹಾಕಿ, ಒಣಹುಲ್ಲಿಗೆ ಉಜ್ಜಿ. ಐದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ಮಣ್ಣು ತುಂಬಿದ ಸೋಲು ಐದು ಸಾವಿರದ್ದಾದರೇನು, ಐನೂರರದ್ದಾದರೇನು?

ಹತ್ತು ಹೆಜ್ಜೆ ಹತ್ತಿ, ಆ ಹತ್ತನ್ನೂ ಇಳಿದು ನೋಡಿ. ಇಳಿಯಲು ಅಂಜಿಕೆ ಬಂದರೆ ಅಲ್ಲಿಂದ ಮೇಲೆ ನಿಮ್ಮ ಗುಡ್ಡವಲ್ಲ. ಇಳಿಯುವಾಗ ಪೂರ್ತಿ ಪಾದ ಊರಿ, ಮಂಡಿ ಸಡಿಲ ಬಿಟ್ಟು, ಸಣ್ಣ ಹೆಜ್ಜೆ ಹಾಕಿ. ಹೆದರಿ ಹಿಂದಕ್ಕೆ ವಾಲಿದರೆ ಭಾರ ಪಾದದ ಮೇಲಿಂದ ತಪ್ಪುತ್ತದೆ, ಕಾಲು ಮುಂದಕ್ಕೆ ಹಾರುತ್ತದೆ, ಬೆನ್ನು ಕಲ್ಲಿಗೆ ಬಡಿಯುತ್ತದೆ. ಕುಂಡಿಯ ಮೇಲೆ ಕೂತು ಜಾರಿಕೊಂಡು ಬರುವುದು ಇನ್ನೂ ಕೆಟ್ಟದ್ದು, ಒದ್ದೆ ಬಟ್ಟೆಗೆ ಬ್ರೇಕ್ ಇರುವುದಿಲ್ಲ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಎರಡು ಕೈ ಎರಡು ಕಾಲಲ್ಲಿ ಯಾವಾಗಲೂ ಮೂರು ಊರಿರಲಿ. ಕೋಟೆಯ ಹಳೇ ಮೆಟ್ಟಿಲುಗಳಲ್ಲಿ ನಡು ಭಾಗ ಸವೆದು ನುಣುಪಾಗಿರುತ್ತದೆ, ಗೋಡೆಯ ಬದಿಯಲ್ಲಿ ನಡೆಯಿರಿ. ಬೆಳಿಗ್ಗೆ ಆರಕ್ಕೆ ಹತ್ತಲು ಶುರುಮಾಡಿ, ಹನ್ನೊಂದಕ್ಕೆ ಕೆಳಗಿರಿ.

ಈ ಭಾನುವಾರ ಬೇಡ. ಎರಡು ಮೂರು ಜೋರು ಮಳೆ ಆಗಲಿ.

ಪ್ರಶ್ನೆ: ಬೀದರ್ ಕಡೆ ಇಂಥ ಬಂಡೆಗಳಿಲ್ಲವಲ್ಲ, ಅಲ್ಲಿ ಅಂಜಿಕೆ ಇಲ್ಲ ಅಲ್ಲವೇ?

ಉತ್ತರ: ಅಲ್ಲಿಯದು ಜಂಬಿಟ್ಟಿಗೆ ಕಲ್ಲು. ಮೇಲಿನ ಕೆಂಪು ಪದರ ಗಟ್ಟಿ, ಕೆಳಗಿನ ಜೇಡಿ ಮೆದು. ನೀರಿಗೆ ಜೇಡಿ ಕರಗಿ ಅಂಚು ಚಜ್ಜದ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ. ನೀವು ಸೆಲ್ಫಿಗೆ ನಿಲ್ಲುವುದೂ ಅಲ್ಲೇ. ಅಂಚಿನಿಂದ ಹತ್ತು ಅಡಿ ಈಚೆ ಇರಿ. ಇಳಿಜಾರಿನ ಗರಸು ಒಣಗಿದ್ದರೂ ಗೋಲಿಯಂತೆ ಉರುಳುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಒಬ್ಬರು ಹಾವಿನ ಕಲ್ಲು ಕೊಡುತ್ತಾರೆ, ವಿಷ ಹೀರುತ್ತದಂತೆ. ಜೊತೆಗೆ ಒಯ್ಯಲೇ?

ಉತ್ತರ: ಅದನ್ನು ಅಲ್ಲೇ ಹಳ್ಳಕ್ಕೆ ಎಸೆದು ಹೋಗಿ. ಹಾವಿನ ಹಲ್ಲು ಸೂಜಿಯಂತೆ ಚರ್ಮದೊಳಕ್ಕೆ ವಿಷ ಬಿಡುತ್ತದೆ, ಮೇಲೆ ಇಟ್ಟ ಕಲ್ಲು ಅದನ್ನು ಹೀರುವುದು ಹೇಗೆ? ವಿಷವಿಲ್ಲದ ಹಾವು ಕಚ್ಚಿ ಬದುಕಿದವರು ಕಲ್ಲಿನವನ ಹೆಸರು ಬೆಳೆಸುತ್ತಾರೆ. ಕಲ್ಲುಗುಡ್ಡದಲ್ಲಿ ಅಂಜಬೇಕಾದ್ದು ಗರಗಸ ಮಂಡಲಕ್ಕೆ. ಗಿಡ್ಡ ಹಾವು, ಕಲ್ಲಿನ ಬಣ್ಣವೇ ಅದರದ್ದೂ. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ, ಹೊಸ ಹುಲ್ಲಿನಲ್ಲಿ ಕೋಲು ಬಡಿದು ನಡೆಯಿರಿ. ಕಚ್ಚಿದರೆ ಉಂಗುರ, ಕಡಗ ಬಿಚ್ಚಿ, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ. ಗಂಟೆ ಬರೆದಿಟ್ಟುಕೊಳ್ಳಿ, 108ಕ್ಕೆ ಕರೆ ಮಾಡಿ. ಬಿಗಿ ಕಟ್ಟು ಬೇಡ, ಬ್ಲೇಡು ಬೇಡ, ಬಾಯಿಂದ ಹೀರುವುದು ಬೇಡ. ಕಟ್ಟುಹಾವು ಕಚ್ಚಿದರೆ ನೋವೂ ಇಲ್ಲದೆ ಹೋಗಬಹುದು, ನೋವಿಲ್ಲ ಎಂದು ಮನೆಗೆ ಹೋಗಬೇಡಿ.

ಪ್ರಶ್ನೆ: ಮೊಬೈಲ್ ಆಫ್ ಮಾಡಿದರೆ ಸಿಡಿಲು ಬಡಿಯುವುದಿಲ್ಲವೇ?

ಉತ್ತರ: ಮೊಬೈಲಿಗೂ ಸಿಡಿಲಿಗೂ ಸಂಬಂಧವಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸಲು ಆಗದಿದ್ದರೆ ಸಿಡಿಲು 10 ಕಿ.ಮೀ. ಒಳಗಿದೆ, ಆಗಲೇ ಇಳಿದಿರಬೇಕು. ಒಂಟಿ ಬೇವಿನ ಮರ, ಗುಡ್ಡದ ತುದಿಯ ಮಂಟಪ ಆಸರೆಯಲ್ಲ.

ಪ್ರಶ್ನೆ: ಚಿಂಚೋಳಿ ಕಾಡಿಗೆ ಸುಮ್ಮನೆ ಹೋಗಿಬರಬಹುದೇ?

ಉತ್ತರ: 2011ರಿಂದ ಅದು ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಕೇಳಿ ಹೋಗಿ.

ಪ್ರಶ್ನೆ: ಶಹಾಬಾದ್ ಕಡೆಯ ಹಳೇ ಕಲ್ಲುಗಣಿಯಲ್ಲಿ ನೀರು ತುಂಬಿದೆ, ಈಜಬಹುದೇ?

ಉತ್ತರ: ಗೋಡೆ ನೆಟ್ಟಗೆ ಕೊಯ್ದಿರುತ್ತಾರೆ, ಧುಮುಕಿದವರಿಗೆ ಹತ್ತಿ ಬರಲು ಜಾಗವಿರುವುದಿಲ್ಲ. ಬೇಡ.